ಹಕ್ಕುಗಳಿಗೆ ದರ ಕಟ್ಟಿದ ಕಥೆ: ಕಲಬುರಗಿ ಸೀಮೆಯಲ್ಲಿ ಕಾಯ್ದೆ ನಡೆದುಬಂದ ದಾರಿ

‘ರೊಕ್ಕ ಇಲ್ದ ಕೆಲಸ ಆಗಂಗಿಲ್ರಿ.’ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯಾವ ತಹಶೀಲ್ ಕಚೇರಿಯ ಅಂಗಳದಲ್ಲಿ ಅರ್ಧ ತಾಸು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ದನಿಯಲ್ಲಿ ಸಿಟ್ಟಿರುವುದಿಲ್ಲ. ಹೊಸದಾಗಿ ಬಂದವರಿಗೆ ತಿಳಿದವರು ದಾರಿ ತೋರಿಸುವ ಧಾಟಿ ಇರುತ್ತದೆ.

ಲಂಚದ ಮೊತ್ತಕ್ಕಿಂತ ಈ ಧಾಟಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ತಂದೆ ತೀರಿಕೊಂಡ ಮೇಲೆ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಪೌತಿ ಖಾತೆಗೆ ಅರ್ಜಿ ಹಾಕಿದ ರೈತನನ್ನು ಕೇಳಿನೋಡಿ. ಅದು ತನಗೆ ಸಿಗಬೇಕಾದದ್ದೇ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ‘ಸಾಹೇಬ್ರು ಮನಸ್ಸು ಮಾಡಿದ್ರ ಆಗ್ತದ’ ಎನ್ನುತ್ತಾನೆ. ಕಾಯ್ದೆ ಅವನಿಗೆ ಕೊಟ್ಟದ್ದನ್ನು ಅವನು ಸಾಹೇಬರ ಮನಸ್ಸಿನಿಂದ ಪಡೆಯುತ್ತಿದ್ದಾನೆ. ಎಳೆಯ ಪ್ರಜಾಪ್ರಭುತ್ವಗಳಲ್ಲಿ ಭ್ರಷ್ಟಾಚಾರ ಮಾಡುವ ದೊಡ್ಡ ಹಾನಿ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಖಜಾನೆಯ ದುಡ್ಡು ಸೋರುವುದು ನಷ್ಟವೇ, ಅದನ್ನು ಲೆಕ್ಕ ಹಾಕಬಹುದು, ತಡವಾಗಿಯಾದರೂ ವಸೂಲಿ ಮಾಡಬಹುದು. ಹಕ್ಕು ಎಂಬುದು ಉಪಕಾರವಾಗಿ ಮಾರ್ಪಟ್ಟರೆ ಅದನ್ನು ಮತ್ತೆ ಹಕ್ಕಾಗಿಸಲು ತಲೆಮಾರುಗಳು ಬೇಕು.

ಕಾನೂನಿನ ಆಳ್ವಿಕೆ ಎಂದರೆ ಬಹಳ ಸರಳ. ನಿಯಮ ಎಲ್ಲರಿಗೂ ಒಂದೇ ಇರಬೇಕು, ಮೊದಲೇ ಗೊತ್ತಿರಬೇಕು, ಅದನ್ನು ಜಾರಿ ಮಾಡುವವನೂ ಅದಕ್ಕೆ ತಲೆಬಾಗಬೇಕು. ನಮ್ಮ ಸೀಮೆಯಲ್ಲಿ ಈ ಮೂರನೆಯದು ಎಲ್ಲಿ ಎಡವಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅರ್ಜಿಯಿತ್ತು, ಹಕ್ಕಿರಲಿಲ್ಲ

ನಮ್ಮ ಸೀಮೆ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲದಲ್ಲಿ ಸುಮಾರು ಶೇ 60ರಷ್ಟು ಮಾತ್ರ ದಿವಾನಿ, ಅಂದರೆ ಸರ್ಕಾರದ ನೇರ ಆಡಳಿತಕ್ಕೆ ಒಳಪಟ್ಟದ್ದು. ಶೇ 10ರಷ್ಟು ನಿಜಾಮರ ಸ್ವಂತದ ಸರ್ಫ್‌-ಎ-ಖಾಸ್. ಉಳಿದದ್ದು ಜಾಗೀರುಗಳು. ಕಲ್ಯಾಣ ಒಬ್ಬ ನವಾಬರ ಜಾಗೀರು, ಆಳಂದ ನಿಜಾಮರ ಆಪ್ತ ಸರದಾರರಾದ ಪಾಯಗಾ ಮನೆತನದ್ದು. ದೊಡ್ಡ ಜಾಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕೋರ್ಟು ಇದ್ದವು. ಹಳ್ಳ ದಾಟಿ ಆಚೆ ಊರಿಗೆ ಹೋದರೆ ಕಂದಾಯದ ದರವೂ ಬೇರೆ, ನ್ಯಾಯ ಹೇಳುವವರೂ ಬೇರೆ. ಅದಕ್ಕೂ ಹಿಂದೆ ಕಂದಾಯ ವಸೂಲಿಯನ್ನೇ ಗುತ್ತಿಗೆಗೆ ಕೊಡುತ್ತಿದ್ದರು. ಹೆಚ್ಚು ಹಣ ಒಪ್ಪಿಕೊಂಡವನು ಸೀಮೆಯನ್ನು ಹಿಡಿದು, ಕೊಟ್ಟದ್ದಕ್ಕಿಂತ ಹೆಚ್ಚು ಎತ್ತಿಕೊಳ್ಳುತ್ತಿದ್ದ. 1853ರಲ್ಲಿ ದಿವಾನರಾದ ಮೊದಲನೇ ಸಾಲಾರ್ ಜಂಗ್ ಅದನ್ನು ನಿಲ್ಲಿಸಲು ಹೊರಟು, 1865ರ ಜಿಲ್ಲಾಬಂದಿ ಎಂಬ ಜಿಲ್ಲಾ ಆಡಳಿತ ವ್ಯವಸ್ಥೆಯ ಮೂಲಕ ಸಂಬಳದ ಅಧಿಕಾರಿಗಳನ್ನು ತಂದರು. ದಿವಾನಿ ಪ್ರದೇಶದಲ್ಲಿ ಅದರಿಂದ ಸುಧಾರಣೆ ಆಯಿತು. ಆದರೆ ದೊರೆಯ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂಬ ನಜರಾನಾ ದರಬಾರಿನ ಶಿಷ್ಟಾಚಾರವಾಗಿ ಕೊನೆಯವರೆಗೂ ಉಳಿಯಿತು. ದೊಡ್ಡವರ ಮನೆಯ ರೀತಿ ಊರಿನ ಚಾವಡಿಗೂ ಇಳಿಯಿತು.

ಊರಿನಲ್ಲಿ ಸರ್ಕಾರ ಎಂದರೆ ಮೂವರು. ಕಂದಾಯಕ್ಕೆ ಮಾಲಿ ಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಕಾಗದಪತ್ರಕ್ಕೆ ಪಟವಾರಿ. ಮೂರೂ ವಂಶಪಾರಂಪರ್ಯ. ಇವತ್ತಿಗೂ ನಮ್ಮಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರಿನ ಮನೆಗಳಿಲ್ಲದ ಊರು ಹುಡುಕುವುದು ಕಷ್ಟ. ಸರ್ಕಾರದ ಭಾಷೆ ಉರ್ದು, ರೈತನ ಭಾಷೆ ಕನ್ನಡ. ಹೊಲದ ಮೇಲೆ ಯಾರ ಹೆಸರಿದೆ ಎಂದು ತಿಳಿಯಲು ಓದಿ ಹೇಳುವವನೊಬ್ಬ ಬೇಕು, ಬರೆಸಲು ಇನ್ನೊಬ್ಬ. ಮಧ್ಯದವನಿಗೆ ಕೊಡುವ ಕಾಣಿಕೆ ಅನಿವಾರ್ಯವಾದದ್ದು ಹೀಗೆ. ಇದು ನಿಜಾಮಶಾಹಿಗೆ ಮಾತ್ರ ಅಂಟಿದ ರೋಗವಲ್ಲ, ಮುಂಬೈ ಕರ್ನಾಟಕದಲ್ಲೂ ಹಳೇ ಮೈಸೂರಿನಲ್ಲೂ ಮಾಮೂಲು ಇತ್ತು. ಆದರೆ ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಕೂಡುತ್ತಿತ್ತು. ಅಧಿಕಾರಿಯ ಮೇಲೆ ನಾಲ್ಕು ಜನರ ಮುಂದೆ ದೂರು ಹೇಳುವ ಜಾಗವೊಂದಿತ್ತು. ನಮ್ಮ ಕಡೆಯ ರೈತನಿಗೆ ಅಂಥ ಜಾಗ ಇರಲಿಲ್ಲ.

ಪಟವಾರಿ ಅದೇ ಪಟವಾರಿ

1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿತು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಸಂವಿಧಾನ ಬಂತು, 1952ರಲ್ಲಿ ಮೊದಲ ಚುನಾವಣೆ. ನಾಲ್ಕು ವರ್ಷ ತುಂಬುವುದರೊಳಗೆ ದೊರೆಯ ಪ್ರಜೆ ಮತದಾರನಾದ. ಇಷ್ಟು ಬೇಗ ಇಷ್ಟು ದೊಡ್ಡ ಬದಲಾವಣೆ ಕಂಡ ಜನ ಕಡಿಮೆ, ಮತ್ತು ಅದನ್ನು ನಮ್ಮ ಹಿರಿಯರು ನಿಜವಾಗಿ ಸಂಭ್ರಮಿಸಿದರು. ಆದರೆ ಊರಿಗೆ ಬಂದು ನೋಡಿದರೆ ಪಟವಾರಿ ಅದೇ ಪಟವಾರಿ. ದಫ್ತರ ಅವನ ಮನೆಯ ಪೆಟ್ಟಿಗೆಯಲ್ಲೇ.

1950ರ ಹೈದರಾಬಾದ್ ಗೇಣಿ ಕಾಯ್ದೆ ಕಾಗದದ ಮೇಲೆ ದೇಶದ ಪ್ರಗತಿಪರ ಕಾಯ್ದೆಗಳಲ್ಲೊಂದು. ರಕ್ಷಿತ ಗೇಣಿದಾರ ಎಂದು ದಾಖಲಾದವನನ್ನು ಒಡೆಯ ಮನಬಂದಂತೆ ಎಬ್ಬಿಸುವಂತಿರಲಿಲ್ಲ. ಆದರೆ ‘ದಾಖಲಾದವನು’ ಎಂಬ ಆ ಒಂದು ಪದದ ಕೀಲಿಕೈ ಇದ್ದದ್ದು ಪಟವಾರಿಯ ಬಳಿ. ಯಾರ ಹೆಸರು ಬರೆಯಬೇಕು, ಯಾರದು ಬಿಡಬೇಕು ಎಂಬುದು ಅವನ ಲೇಖನಿಗೆ ಬಿಟ್ಟದ್ದು. ಹೆಸರು ಬಂದವರಲ್ಲೂ ಅದೆಷ್ಟೋ ಮಂದಿ ‘ಸ್ವಇಚ್ಛೆಯಿಂದ’ ಜಮೀನು ಬಿಟ್ಟುಕೊಟ್ಟರೆಂದು ಕಾಗದ ಹೇಳಿತು. 1954–55ರ ಖಾಸ್ರಾ ಪಹಣಿ ಈಗಲೂ ಭೂವ್ಯಾಜ್ಯಗಳಲ್ಲಿ ಕೋರ್ಟಿನ ಮುಂದೆ ಬರುತ್ತದೆ. ಎಪ್ಪತ್ತು ವರ್ಷದ ಹಿಂದಿನ ಒಂದು ಕೈಬರಹ ಮೊಮ್ಮಕ್ಕಳ ಹಣೆಬರಹ ನಿರ್ಧರಿಸುತ್ತಿದೆ.

ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿದ್ದು 1956ರ ಏಕೀಕರಣದ ನಂತರ, 1961ರ ಕಾಯ್ದೆ 1963ರಲ್ಲಿ ಜಾರಿಯಾದಾಗ. ಗ್ರಾಮ ಲೆಕ್ಕಿಗ ಬಂದ. 1974ರ ಮಾರ್ಚ್ 1ರಂದು ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಉಳುವವನು ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್ ಮುಂದೆ ಹಾಕಿಕೊಳ್ಳಬೇಕಿತ್ತು. ಕರಾವಳಿಯಲ್ಲಿ ಗೇಣಿ ಚೀಟಿಗಳಿದ್ದವು, ಸಂಘಟನೆಯಿತ್ತು, ಲಕ್ಷಾಂತರ ಒಕ್ಕಲುಗಳಿಗೆ ನೆಲ ಸಿಕ್ಕಿತು. ನಮ್ಮ ಕಡೆ ಗೇಣಿ ಬಹುಮಟ್ಟಿಗೆ ಬಾಯಿಮಾತಿನದು. ಪಹಣಿಯಲ್ಲಿ ಹೆಸರೇ ಇಲ್ಲದವನು ಯಾವ ಪುರಾವೆ ಹಿಡಿದು ಟ್ರಿಬ್ಯೂನಲ್‌ಗೆ ಹೋಗಬೇಕು? ಒಂದೇ ರಾಜ್ಯ, ಒಂದೇ ಕಾಯ್ದೆ. ಐವತ್ತರ ದಶಕದಲ್ಲಿ ಬರೆಯದೆ ಬಿಟ್ಟ ಸಾಲು ಎಪ್ಪತ್ತರ ದಶಕದ ನ್ಯಾಯವನ್ನು ತಡೆಯಿತು.

ಮುಂದೆ ಬಗರ್‌ಹುಕುಂ ಅರ್ಜಿಗಳು ಬಂದವು. ಫಾರಂ 50, ಆಮೇಲೆ 53, 2018ರ ನಂತರ 57. ಸರ್ಕಾರಿ ಜಮೀನು ಉಳುತ್ತಿರುವವರಿಗೆ ಸಕ್ರಮ ಮಾಡಿಕೊಡುವ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಚುನಾಯಿತ ಪ್ರತಿನಿಧಿ ಬಡವರ ಪರ ನಿಲ್ಲಲಿ ಎಂಬ ಆಶಯ ಒಳ್ಳೆಯದೇ. ಆದರೆ ಯಾರು ಅರ್ಹರು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಮತ ಕೇಳುವವರು ಕುಳಿತರೆ ಅರ್ಹತೆಗೂ ನಿಷ್ಠೆಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ನಮ್ಮವರಿಗೆ ಮೊದಲು, ಉಳಿದವರಿಗೆ ಮುಂದಿನ ಸಭೆಯಲ್ಲಿ.

ದೆಹಲಿಗೆ ಗೊತ್ತಿತ್ತು

ಸ್ವತಂತ್ರ ಭಾರತದ ನಾಯಕರಿಗೆ ಈ ಅಪಾಯ ತಿಳಿದಿರಲಿಲ್ಲ ಎನ್ನುವಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆ ಬಂದದ್ದು 1947ರಲ್ಲಿ, ಸಂವಿಧಾನಕ್ಕೂ ಮೊದಲು. ಮುಂದ್ರಾ ಕಂಪನಿಗಳಲ್ಲಿ ಎಲ್‌ಐಸಿ ಹಣ ತೊಡಗಿಸಿದ ಹಗರಣ ಬಯಲಾದಾಗ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ವಿಚಾರಣೆ, ವರದಿ, ರಾಜೀನಾಮೆ ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿದವು. ಈಗ ಅದನ್ನು ಓದಿದರೆ ಬೇರೆ ದೇಶದ ಸುದ್ದಿ ಅನ್ನಿಸುತ್ತದೆ.

1962ರಲ್ಲಿ ನೇಮಕವಾದ ಕೆ. ಸಂತಾನಂ ಸಮಿತಿ 1964ರಲ್ಲಿ ಕೊಟ್ಟ ವರದಿ ಇನ್ನೂ ಆಳಕ್ಕೆ ಹೋಯಿತು. ಲಂಚ ಕೊಡುವ ಬಹಳ ಜನ ತಪ್ಪು ಕೆಲಸ ಮಾಡಿಸಿಕೊಳ್ಳಲು ಕೊಡುತ್ತಿಲ್ಲ, ನ್ಯಾಯವಾದ ಕೆಲಸ ಬೇಗ ಆಗಲಿ ಎಂದು ಕೊಡುತ್ತಿದ್ದಾರೆ ಎಂಬುದನ್ನು ಅದು ಗುರುತಿಸಿತು. ಹೀಗೆ ಬೇಗ ಮಾಡಿಸಲು ಕೊಡುವ ಹಣ ಬೆಳೆದರೆ ನಿಧಾನ ಮಾಡುವುದೇ ಲಾಭದ ಕೆಲಸವಾಗುತ್ತದೆ. ಕಡತ ಮುಂದೆ ಹೋಗದಿದ್ದರೆ ತಾನೇ ಯಾರಾದರೂ ಕೈ ಬಿಸಿ ಮಾಡುವುದು? ಆ ವರದಿಯ ಫಲವಾಗಿ ಕೇಂದ್ರ ಜಾಗೃತ ಆಯೋಗ ಬಂತು. ಲೋಕಪಾಲ ಮಸೂದೆ 1968ರಲ್ಲಿ ಮೊದಲು ಮಂಡನೆಯಾಗಿ, 2013ರಲ್ಲಿ ಕಾಯ್ದೆಯಾಗಿ, 2019ರಲ್ಲಿ ಮೊದಲ ಲೋಕಪಾಲರನ್ನು ಕಂಡಿತು. ಅರ್ಧ ಶತಮಾನ.

ಪಹಣಿ ಕಂಪ್ಯೂಟರಿಗೆ ಬಂದಾಗ

ಈ ಕಥೆಯಲ್ಲಿ ಗೆದ್ದದ್ದೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 2002ರ ಹೊತ್ತಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಅಡಗಿದ್ದ ದಾಖಲೆ ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿಗೆ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಸೇಡಂನಿಂದಲೋ ಔರಾದ್‌ನಿಂದಲೋ ಬಂದ ರೈತ ಸಾಲಿನಲ್ಲಿ ನಿಂತು, ಹದಿನೈದು ರೂಪಾಯಿ ಕೊಟ್ಟು, ಯಾರಿಗೂ ನಮಸ್ಕಾರ ಹೊಡೆಯದೆ ತನ್ನ ಹೊಲದ ಕಾಗದ ಹಿಡಿದು ಹೊರಗೆ ಬಂದ. ಎಪ್ಪತ್ತು ದಾಟಿದ ಹಿರಿಯರು ಈಗಲೂ ಆ ದಿನಗಳನ್ನು ನೆನೆಯುತ್ತಾರೆ. ಕಾಯ್ದೆ ತನಗೂ ಅನ್ವಯಿಸುತ್ತದೆ ಎಂದು ಸಾಮಾನ್ಯ ಮನುಷ್ಯನಿಗೆ ಮೈಮೇಲೆ ಅನುಭವಕ್ಕೆ ಬರುವ ಗಳಿಗೆ ಅದು.

ಆದರೆ ದುಡ್ಡು ಕಚೇರಿ ಬಿಟ್ಟು ಹೋಗಲಿಲ್ಲ, ಕೋಣೆ ಬದಲಿಸಿತು. ಪಹಣಿಯ ಪ್ರತಿಯನ್ನು ಯಂತ್ರ ಕೊಡುತ್ತದೆ. ಆದರೆ ಅದರಲ್ಲಿ ಹೆಸರು ಬದಲಾಗಬೇಕಾದರೆ ಮ್ಯುಟೇಶನ್ ಆಗಬೇಕು, ಅಣ್ಣತಮ್ಮಂದಿರ ಪಾಲು ಬೇರೆಯಾಗಬೇಕಾದರೆ ಪೋಡಿ ಆಗಬೇಕು, ಬದುವಿನ ತಕರಾರಿಗೆ ಹದ್ದುಬಸ್ತು ಅಳೆಯಬೇಕು, ಮಾರಾಟಕ್ಕೆ 11ಇ ನಕ್ಷೆ ಬೇಕು. ಇವೆಲ್ಲಕ್ಕೂ ಮನುಷ್ಯ ಹೊಲಕ್ಕೆ ಬರಬೇಕು, ವರದಿ ಬರೆಯಬೇಕು, ಸಹಿ ಹಾಕಬೇಕು. ಎಲ್ಲಿ ಒಬ್ಬರ ವಿವೇಚನೆ ಉಳಿಯಿತೋ ಅಲ್ಲಿಗೆ ದರ ವರ್ಗಾವಣೆಯಾಯಿತು. 2011ರ ಸಕಾಲ ಕಾಯ್ದೆ ಈ ಗಂಟನ್ನೂ ಬಿಚ್ಚಲು ನೋಡಿತು. 2012ರ ಏಪ್ರಿಲ್‌ನಲ್ಲಿ 151 ಸೇವೆಗಳಿಗೆ ಗಡುವು ನಿಗದಿಯಾಯಿತು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಅರ್ಜಿದಾರನಿಗೆ. ಒಳ್ಳೆಯ ಕಾಯ್ದೆ. ಅದಕ್ಕೆ ಕಚೇರಿಗಳು ಕಂಡುಕೊಂಡ ಉಪಾಯ ಏನೆಂದು ಇಲ್ಲಿ ಅರ್ಜಿ ಹಾಕಿದ ಯಾರನ್ನಾದರೂ ಕೇಳಿ: ‘ಕಾಗದ ಕಮ್ಮಿ ಅದಾವು, ನಾಳೆ ಬರ್ರಿ.’ ಅರ್ಜಿಯನ್ನೇ ಸ್ವೀಕರಿಸದಿದ್ದರೆ ಸಕಾಲ ನಂಬರ್ ಹುಟ್ಟುವುದಿಲ್ಲ, ನಂಬರ್ ಹುಟ್ಟದಿದ್ದರೆ ಗಡುವೂ ಓಡುವುದಿಲ್ಲ.

ಹಲ್ಲು ಬಂದಾಗ

ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದು, ಸಂಸ್ಥೆ ಕೆಲಸ ಆರಂಭಿಸಿದ್ದು 1986ರಲ್ಲಿ. ಮೊದಲ ಹದಿನೈದು ವರ್ಷ ಅದರ ಹೆಸರು ನಮ್ಮ ಹಳ್ಳಿಗಳಿಗೆ ಮುಟ್ಟಿರಲಿಲ್ಲ. 2001ರಲ್ಲಿ ನ್ಯಾಯಮೂರ್ತಿ ಎನ್. ವೆಂಕಟಾಚಲ ಬಂದು ಕಚೇರಿ, ಆಸ್ಪತ್ರೆಗಳಿಗೆ ತಾವೇ ನುಗ್ಗತೊಡಗಿದ ಮೇಲೆ ‘ಲೋಕಾಯುಕ್ತಕ್ಕ ಕೊಡ್ತೀನಿ ನೋಡ್ರಿ’ ಎಂಬುದು ಬೆದರಿಕೆಯ ಮಾತಾಯಿತು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಕುರ್ಚಿ ಬಿಟ್ಟರು. ಒಂದು ಸಂಸ್ಥೆಗೆ ಹಲ್ಲು ಬಂದಿದೆ ಎಂಬುದು ಎಲ್ಲ ಪಕ್ಷಗಳಿಗೂ ಗೊತ್ತಾಯಿತು.

ನಂತರದ ಐದು ವರ್ಷ ನೋವಿನದು. 2015ರಲ್ಲಿ ಲೋಕಾಯುಕ್ತ ಕಚೇರಿಯ ಒಳಗಿಂದಲೇ ಅಧಿಕಾರಿಗಳಿಂದ ಹಣ ಕೇಳುತ್ತಿದ್ದಾರೆಂಬ ಆರೋಪ ಎದ್ದು, ಲೋಕಾಯುಕ್ತರು ರಾಜೀನಾಮೆ ಕೊಡಬೇಕಾಯಿತು. ಆ ಕಳಂಕ ತೊಳೆದು ಸಂಸ್ಥೆಯನ್ನು ಗಟ್ಟಿ ಮಾಡುವ ಬದಲು 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ತನಿಖೆಯ ಅಧಿಕಾರವನ್ನು ಅತ್ತ ಸರಿಸಿತು. ಆ ದಳ ಇದ್ದದ್ದು ಸರ್ಕಾರದ, ಕೊನೆಗೆ ಮುಖ್ಯಮಂತ್ರಿಯ ಹಿಡಿತದಲ್ಲಿ. ತನಿಖೆಗೆ ಒಳಗಾಗಬೇಕಾದವರ ಕೈಕೆಳಗೆ ತನಿಖಾಧಿಕಾರಿ. ಆಮೇಲೆ ಬಂದ ಸರ್ಕಾರಗಳೂ ಅದನ್ನು ಮುಟ್ಟಲಿಲ್ಲ, ಪಕ್ಷಭೇದವಿಲ್ಲದೆ ಎಲ್ಲರಿಗೂ ಅದು ಹಿತವಾಗಿತ್ತು. 2022ರ ಜುಲೈನಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಚ್.ಪಿ. ಸಂದೇಶ್, ಈ ದಳದ ಪ್ರಕರಣವೊಂದನ್ನು ವಿಚಾರಿಸುತ್ತಿರುವುದಕ್ಕೆ ತಮಗೆ ವರ್ಗಾವಣೆಯ ಬೆದರಿಕೆ ಬಂದಿದೆ ಎಂದು ತೆರೆದ ನ್ಯಾಯಾಲಯದಲ್ಲೇ ಹೇಳಿದರು. ಅದೇ ಆಗಸ್ಟ್ 11ರಂದು ವಿಭಾಗೀಯ ಪೀಠ ದಳವನ್ನೇ ರದ್ದು ಮಾಡಿ, ಪ್ರಕರಣಗಳನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆರು ವರ್ಷ ಕಳೆದಿತ್ತು.

ನಮ್ಮದೊಂದೇ ನಾಡಿನಲ್ಲಿ ಹೀಗಾದದ್ದಲ್ಲ. 1998ರಲ್ಲಿ ಸುಹಾರ್ತೊ ಆಡಳಿತ ಕುಸಿದ ಮೇಲೆ ಪ್ರಜಾಪ್ರಭುತ್ವದ ದಾರಿ ಹಿಡಿದ ಇಂಡೊನೇಷ್ಯಾ 2002ರ ಕಾಯ್ದೆಯ ಮೂಲಕ ಕೆಪಿಕೆ ಎಂಬ ಭ್ರಷ್ಟಾಚಾರ ವಿರೋಧಿ ಆಯೋಗ ಕಟ್ಟಿತು. ಅದು ಸಂಸದರನ್ನು, ಮಂತ್ರಿಗಳನ್ನು ಜೈಲಿಗೆ ಕಳಿಸಿತು. 2019ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆ ತಿದ್ದಿ, ಆಯೋಗದ ಮೇಲೆ ಮೇಲ್ವಿಚಾರಣಾ ಮಂಡಳಿ ಕೂರಿಸಿ, ಸಿಬ್ಬಂದಿಯನ್ನು ಸರ್ಕಾರಿ ನೌಕರರನ್ನಾಗಿ ಮಾಡಿತು. ಅಂತರ್ಯುದ್ಧದಿಂದ ಹೊರಬಂದ ಗ್ವಾಟೆಮಾಲಾ ವಿಶ್ವಸಂಸ್ಥೆಯ ನೆರವಿನ ತನಿಖಾ ಆಯೋಗವನ್ನು 2007ರಲ್ಲಿ ಬರಮಾಡಿಕೊಂಡಿತು. ಅದರ ತನಿಖೆಯಿಂದ 2015ರಲ್ಲಿ ಅಧ್ಯಕ್ಷರೇ ರಾಜೀನಾಮೆ ಕೊಡಬೇಕಾಯಿತು. ಮುಂದೆ ಚುನಾಯಿತರಾದ ಅಧ್ಯಕ್ಷರ ಕಾಲದಲ್ಲಿ, 2019ರಲ್ಲಿ, ಆಯೋಗವನ್ನೇ ಮನೆಗೆ ಕಳಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಜೋಂಡೊ ಆಯೋಗ 2018ರಿಂದ 2022ರವರೆಗೆ ವಿಚಾರಣೆ ನಡೆಸಿ, ಖಾಸಗಿ ಹಿತಾಸಕ್ತಿಗಳು ತನಿಖೆ ಮಾಡುವ ಸಂಸ್ಥೆಗಳನ್ನೇ ಒಳಗಿನಿಂದ ಹೇಗೆ ಟೊಳ್ಳು ಮಾಡಿದವೆಂದು ದಾಖಲಿಸಿತು. ಜಕಾರ್ತಕ್ಕೂ ಕಲಬುರಗಿಗೂ ಯಾವ ಸಂಬಂಧವೂ ಇಲ್ಲ. ಆದರೆ ಕ್ರಮ ಒಂದೇ: ಕಾವಲು ಸಂಸ್ಥೆ ಸುಮ್ಮನಿರುವವರೆಗೆ ಅದನ್ನು ಎಲ್ಲರೂ ಹೊಗಳುತ್ತಾರೆ, ಕಚ್ಚಿದ ಕೂಡಲೇ ಕಾಯ್ದೆಯಿಂದಲೋ ಸರ್ಕಾರದ ಆದೇಶದಿಂದಲೋ ಹಲ್ಲು ಕೀಳುತ್ತಾರೆ. ಆದೇಶದಿಂದ ಮಾಡಿದ್ದನ್ನು, ನಮ್ಮಲ್ಲಿ ಆದಂತೆ, ತಡವಾಗಿಯಾದರೂ ಕೋರ್ಟು ರದ್ದು ಮಾಡಬಹುದು. ಕಾಯ್ದೆ ಬರೆದೇ ಮಾಡಿದರೆ ಜನರಿಗೆ ಗೊತ್ತಾಗುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ.

ಖಾಲಿ ಬಿಟ್ಟ ವೃತ್ತಗಳು

ಇಷ್ಟೆಲ್ಲದರ ನಡುವೆ ಈ ಸೀಮೆಗೆ ಸಿಕ್ಕ ದೊಡ್ಡ ಭರವಸೆ ಸಂವಿಧಾನದ 371(ಜೆ) ವಿಧಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಅದರಲ್ಲಿ 21 ಗುಲಬರ್ಗಾ ವಿಭಾಗದವೇ ಇದ್ದವು. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೀದಿಗಿಳಿದು ಹೋರಾಡಿದ ಮೇಲೆ ಆ ವಿಧಿಯನ್ನು ಸೇರಿಸಿದ 98ನೇ ತಿದ್ದುಪಡಿ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಸ್ಥಳೀಯ ವೃಂದದ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85ರಷ್ಟು, ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8ರಷ್ಟು ಮೀಸಲಾತಿ. ಅಲ್ಲಿಂದೀಚೆಗೆ ಕಲಬುರಗಿಯ ಗಲ್ಲಿಗಳಲ್ಲಿ ಕೋಚಿಂಗ್ ಸೆಂಟರುಗಳೂ ಓದುಕೋಣೆಗಳೂ ತುಂಬಿಕೊಂಡವು. ಶಹಾಪುರದ, ಚಿಂಚೋಳಿಯ, ಭಾಲ್ಕಿಯ ಹುಡುಗ ಹುಡುಗಿಯರು ಬಾಡಿಗೆ ಕೋಣೆ ಹಿಡಿದು, ಮನೆಯಿಂದ ತಂದ ಜೋಳದ ರೊಟ್ಟಿಯ ಗಂಟು ಬಿಚ್ಚಿಕೊಂಡು ಓದಿದರು. ತೊಗರಿ ಮಾರಿದ ದುಡ್ಡು ಪುಸ್ತಕಕ್ಕೆ ಹೋಯಿತು.

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದವರು 54 ಸಾವಿರದಷ್ಟು. ಎರಡನೇ ಪತ್ರಿಕೆ 150 ಅಂಕದ ವಸ್ತುನಿಷ್ಠ ಪ್ರಶ್ನೆಗಳದು, ಉತ್ತರವನ್ನು ಒಎಂಆರ್ ಹಾಳೆಯ ವೃತ್ತಗಳಲ್ಲಿ ತುಂಬಬೇಕು. ಅದರ ಕಾರ್ಬನ್ ಪ್ರತಿ ಅಭ್ಯರ್ಥಿಯ ಕೈಗೆ ಬರುತ್ತದೆ. ಕಲಬುರಗಿಯ ಖಾಸಗಿ ಶಾಲೆಯೊಂದರ ಕೇಂದ್ರದಲ್ಲಿ ಬರೆದ ಒಬ್ಬ ಅಭ್ಯರ್ಥಿ 21 ಪ್ರಶ್ನೆಗಳಿಗಷ್ಟೇ ಉತ್ತರಿಸಿದ್ದ, ಅವನಿಗೆ ಬಂದದ್ದು 121 ಅಂಕ ಎಂಬ ಸುದ್ದಿ ಹೊರಬಿದ್ದಾಗ ಇಡೀ ರಾಜ್ಯ ಬೆಚ್ಚಿತು. ಕೈಯಲ್ಲಿದ್ದ ಪ್ರತಿಗೂ ಸರ್ಕಾರದ ಬಳಿಯ ಹಾಳೆಗೂ ತಾಳೆಯಾಗಲಿಲ್ಲ. ಪರೀಕ್ಷೆಯಲ್ಲಿ ಖಾಲಿ ಬಿಟ್ಟ ವೃತ್ತಗಳನ್ನು ಪರೀಕ್ಷೆ ಮುಗಿದ ಮೇಲೆ ಬೇರೆ ಕೈಗಳು ತುಂಬಿದ್ದವು ಎಂಬುದು ಸಿಐಡಿಯ ಆರೋಪ. ಇನ್ನು ಕೆಲವು ಕಡೆ ಬ್ಲೂಟೂತ್ ಮೂಲಕ ಉತ್ತರ ತಲುಪಿಸಿದ ಆರೋಪ. 2022ರ ಏಪ್ರಿಲ್‌ನಲ್ಲಿ ಕಲಬುರಗಿಯಿಂದ ಶುರುವಾದ ತನಿಖೆ ಜುಲೈ ಹೊತ್ತಿಗೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನದವರೆಗೆ ಹೋಯಿತು. ಯಾರು ತಪ್ಪಿತಸ್ಥರು ಎಂದು ಹೇಳುವುದು ನ್ಯಾಯಾಲಯದ ಕೆಲಸ.

ಇಲ್ಲಿ ನಿಂತು ಒಂದು ಲೆಕ್ಕ ಹಾಕೋಣ. ಪಿಎಸ್‌ಐ ಹುದ್ದೆಯ ಆಗಿನ ಮೂಲ ವೇತನ 37,900 ರೂಪಾಯಿಯಿಂದ ಶುರು. ವರ್ಷಕ್ಕೆ 4,54,800. ಒಬ್ಬ ಅಭ್ಯರ್ಥಿ ಹುದ್ದೆಗಾಗಿ 40 ಲಕ್ಷ ಕೊಟ್ಟ ಎಂದಿಟ್ಟುಕೊಂಡರೆ ಆ ಅಸಲು ತೀರಲು ಊಟ ಬಟ್ಟೆ ಬಿಟ್ಟು ಒಂಬತ್ತು ವರ್ಷ ದುಡಿಯಬೇಕು. ಬಡ್ಡಿ ಬೇರೆ. ಅಂಥವನು ಠಾಣೆಯ ಕುರ್ಚಿಯಲ್ಲಿ ಕುಳಿತರೆ ದೂರು ಹಿಡಿದು ಬಂದ ಹೆಣ್ಣುಮಗಳನ್ನು, ಮರಳು ಸಾಗಿಸುವ ಟಿಪ್ಪರನ್ನು, ಮಟ್ಕಾ ಬರೆಯುವವನನ್ನು ಯಾವ ಕಣ್ಣಿನಿಂದ ನೋಡುತ್ತಾನೆ? ಸಾಲಾರ್ ಜಂಗ್ ರದ್ದು ಮಾಡಲು ಹೊರಟ ಗುತ್ತಿಗೆ ಪದ್ಧತಿ ಖಾಕಿ ತೊಟ್ಟು ಹಿಂದಿರುಗಿದಂತೆ ಇದು: ಸೀಮೆಯನ್ನು ಹಣ ಕೊಟ್ಟು ಹಿಡಿಯುವುದು, ಸೀಮೆಯಿಂದಲೇ ಎತ್ತಿಕೊಳ್ಳುವುದು. ಬೇರೆ ಹುದ್ದೆ ಮಾರಾಟವಾದರೆ ಒಂದು ಇಲಾಖೆ ಕೆಡುತ್ತದೆ. ಎಫ್‌ಐಆರ್ ಬರೆಯುವವನ ಹುದ್ದೆ ಮಾರಾಟವಾದರೆ ಉಳಿದ ಎಲ್ಲ ಅನ್ಯಾಯಗಳಿಗೆ ದೂರು ಕೊಡುವ ಬಾಗಿಲೇ ಮುಚ್ಚುತ್ತದೆ.

ಆಮೇಲಿನದನ್ನು ಬೇಗ ಹೇಳಬಹುದು. ಪರೀಕ್ಷೆ ರದ್ದಾಯಿತು. ಪ್ರಾಮಾಣಿಕವಾಗಿ ಬರೆದು ಪಾಸಾದವರು ಕೋರ್ಟಿಗೆ ಹೋದರು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಮರುಪರೀಕ್ಷೆ ಆಗಲೇಬೇಕೆಂದಿತು, 2024ರ ಜನವರಿ 23ರಂದು ಅದು ನಡೆಯಿತು. ಈ ನಡುವೆಯೇ, 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ಎಫ್‌ಡಿಎ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕೇಂದ್ರಗಳಲ್ಲಿ ಮತ್ತೆ ಬ್ಲೂಟೂತ್ ಸಿಕ್ಕಿತು. ಹಳೆಯ ಪ್ರಕರಣದ ಆರೋಪಿಯೊಬ್ಬನ ಹೆಸರೇ ಮತ್ತೆ ಮೇಲೆ ಬಂತು. ಪರೀಕ್ಷಾ ಅಕ್ರಮದ ವಿರುದ್ಧ ರಾಜ್ಯ 2023ರಲ್ಲಿ, ಕೇಂದ್ರ 2024ರಲ್ಲಿ ಹೊಸ ಕಾಯ್ದೆ ತಂದವು. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಎರಡು ವರ್ಷ ಮೂರು ತಿಂಗಳು. ಓದುಕೋಣೆಯಲ್ಲಿ ಕುಳಿತಿದ್ದವರ ವಯಸ್ಸಿನಿಂದ ಹೋದ ಅಷ್ಟು ಕಾಲವನ್ನು ಯಾವ ಕಾಯ್ದೆಯೂ ತುಂಬಿಕೊಡಲಾರದು. ಆ ಓದುಕೋಣೆಗಳಲ್ಲಿ ಈಗ ಯಾವುದೇ ಅಧಿಸೂಚನೆ ಬಂದರೂ ಪಠ್ಯಕ್ರಮದ ಜೊತೆಗೇ ‘ರೇಟ್ ಎಷ್ಟು ನಡದದ?’ ಎಂಬ ಪ್ರಶ್ನೆ ಬರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿಯ ಬಾಯಿಂದ ಅದನ್ನು ಕೇಳಿದಾಗ ಆಗುವ ಸಂಕಟ ಸಣ್ಣದಲ್ಲ.

ಗುಲಾಬಿ ಬಣ್ಣದ ನೀರು

ಹಾಗಾದರೆ ಲಂಚ ಕೇಳಿದವನನ್ನು ಹಿಡಿಸಿದರಾಗದೇ? ಆಗುತ್ತದೆ, ದಾರಿಯಿದೆ. ದೂರು ಬಂದ ಮೇಲೆ ಲೋಕಾಯುಕ್ತ ಪೊಲೀಸರು ನೋಟುಗಳ ನಂಬರ್ ಬರೆದುಕೊಂಡು ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಆ ನೋಟು ಸಾಮಾನ್ಯವಾಗಿ ದೂರುದಾರನೇ ಹೊಂದಿಸಿ ತಂದದ್ದು. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರಾಗಿ ನಿಲ್ಲುತ್ತಾರೆ. ಹಣ ಕೈಬದಲಾದ ಸನ್ನೆ ಸಿಕ್ಕ ಕೂಡಲೇ ಒಳಹೊಕ್ಕು ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಅರಗು ಹಾಕಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ.

ಅಲ್ಲಿಂದ ಮುಂದೆ ವಿಚಾರಣೆಯ ಅನುಮತಿ, ದೋಷಾರೋಪ ಪಟ್ಟಿ, ಸಾಕ್ಷಿ ಎಂದು ವರ್ಷಗಳು ಹಿಡಿಯುತ್ತವೆ. ಕೋರ್ಟಿನಲ್ಲಿ ಬಣ್ಣದ ನೀರೊಂದೇ ಸಾಲದು, ಅಧಿಕಾರಿ ಹಣ ಕೇಳಿದ್ದ ಎಂಬುದು ಸಾಬೀತಾಗಬೇಕು. ಆ ಹೊತ್ತಿಗೆ ಊರಿನ ಹಿರಿಯರು ‘ಹೋಗ್ಲಿ ಬಿಡಪ್ಪಾ, ಮಕ್ಕಳೊಂದಿಗ’ ಎಂದು ಹೇಳಿ ದೂರುದಾರನನ್ನು ಒಪ್ಪಿಸಿರುತ್ತಾರೆ, ಅವನು ಕಟಕಟೆಯಲ್ಲಿ ಹೇಳಿಕೆ ಬದಲಿಸುತ್ತಾನೆ. 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೂರುದಾರ ತಿರುಗಿಬಿದ್ದರೂ ತೀರಿಕೊಂಡರೂ ಉಳಿದ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಎಂದಿತು. ಬಹಳ ಬೇಕಾಗಿದ್ದ ತೀರ್ಪು. ಆದರೂ ಈ ಬಲೆಗೆ ಬೀಳುವವರು ಹೆಚ್ಚಾಗಿ ಕೆಳಹಂತದವರು. ಗುತ್ತಿಗೆಯ ಪರ್ಸೆಂಟೇಜ್ ಪುಡಿ ಸವರಿದ ನೋಟಿನಲ್ಲಿ ಬರುವುದಿಲ್ಲ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಶೇ 40ರವರೆಗೆ ಕಮಿಷನ್ ಕೇಳುತ್ತಾರೆಂದು ಪ್ರಧಾನಿಗೆ ಪತ್ರ ಬರೆದು ಆರೋಪಿಸಿದ್ದು ಅಂಥ ಹಣದ ಬಗ್ಗೆ. ದೊಡ್ಡವರ ಕಡತ ತೆರೆಯಲು ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ತಂದ ಕಲಂ 17ಎ ಇನ್ನೊಂದು ಬಾಗಿಲು ಹಾಕಿದೆ: ಕರ್ತವ್ಯದ ಭಾಗವಾಗಿ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಲಿಕ್ಕೇ ಸರ್ಕಾರದ ಪೂರ್ವಾನುಮತಿ ಬೇಕು.

ಅದೇ ತಿದ್ದುಪಡಿ ಲಂಚ ಕೊಟ್ಟವನನ್ನೂ ಅಪರಾಧಿ ಮಾಡಿತು, ಗರಿಷ್ಠ ಏಳು ವರ್ಷ ಶಿಕ್ಷೆ. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಪಾರಾಗುತ್ತಾನೆ. ಬೆಂಗಳೂರಿನ ಕಂಪನಿಗೆ ಏಳು ದಿನ ಸಾಕು, ಅದಕ್ಕೆ ವಕೀಲರಿದ್ದಾರೆ. ಗುರುಮಠಕಲ್ ತಾಲ್ಲೂಕಿನ ತಾಂಡಾದಿಂದ ಬಂದು ಪೋಡಿಗಾಗಿ ಮೂರು ಸಾವಿರ ಕೊಟ್ಟು, ಅದೇ ರಾತ್ರಿ ಪುಣೆಯ ಗಾಡಿ ಹತ್ತುವ ಕೂಲಿಯವನಿಗೆ ಏಳು ದಿನದ ಮಾತು ಯಾರು ಹೇಳಬೇಕು? ಹೇಳಿದರೂ ಅವನಿಗೆ ಇರುವ ಹೆದರಿಕೆ ಶಿಕ್ಷೆಯದಲ್ಲ. ದೂರು ಕೊಟ್ಟ ಮೇಲೆ ತನ್ನ ಪೋಡಿ ಅದೇ ಕಚೇರಿಯಲ್ಲಿ, ಅದೇ ಸಾಹೇಬರ ಜೊತೆಗಾರರ ಕೈಯಲ್ಲಿ ಆಗಬೇಕು ಎಂಬುದು ಅವನ ಹೆದರಿಕೆ. ಹಾಗಾಗಿ ಯಾರಾದರೂ ನನ್ನನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ಅಲ್ಲಿಂದಲೇ ಎನ್ನುತ್ತೇನೆ. ಲೋಕಾಯುಕ್ತಕ್ಕೆ ದೂರು ದಾಖಲಾದ ದಿನವೇ ದೂರುದಾರನ ಮೂಲ ಅರ್ಜಿ ಬೇರೆ ತಾಲ್ಲೂಕಿನ ಅಧಿಕಾರಿಗೆ ವರ್ಗವಾಗಬೇಕು, ಹದಿನೈದು ದಿನದಲ್ಲಿ ಕೆಲಸ ಮುಗಿಯಬೇಕು, ಮುಗಿದದ್ದಕ್ಕೆ ಜಿಲ್ಲಾಧಿಕಾರಿ ಹೊಣೆ ಹೊರಬೇಕು. ತಹಶೀಲ್ ಕಚೇರಿಯ ಕಿಟಕಿಯ ಪಕ್ಕ ಹಾಕುವ ಫಲಕದಲ್ಲಿ ಲೋಕಾಯುಕ್ತದ ಫೋನ್ ನಂಬರಿನ ಕೆಳಗೆ ಇದನ್ನೂ ಕನ್ನಡದಲ್ಲಿ, ಓದುವ ಗಾತ್ರದ ಅಕ್ಷರದಲ್ಲಿ ಬರೆಸಬೇಕು.